ನೆರೆ ಇಳಿದ ಮೇಲೆ ರೋಗ ಬರುವುದು ಹೆಣದಿಂದಲ್ಲ

ಪ್ರಶ್ನೆ: ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ವಿಪತ್ತು ಸಿದ್ಧತೆಯ ಯೋಜನೆ ಬರೆಯುತ್ತಿದ್ದೇವೆ. ಬೆಂಕಿ, ನೆರೆ, ಭೂಕಂಪ ಮೂರೂ ಆಗಿದೆ. ಸಾಂಕ್ರಾಮಿಕ ರೋಗವನ್ನೂ ಸೇರಿಸಬೇಕೆ? ಅದು ಮಹಾನಗರಪಾಲಿಕೆಯ ಆರೋಗ್ಯ ವಿಭಾಗದ ಕೆಲಸವಲ್ಲವೆ? ನೀರು ಇಳಿದ ಮೇಲೆ ಸತ್ತ ಪ್ರಾಣಿಗಳನ್ನು ಬೇಗ ಸಾಗಿಸಿ, ಬ್ಲೀಚಿಂಗ್ ಪೌಡರ್ ಚೆಲ್ಲಿಸಿದರೆ ಸಾಲದೆ?

ಉತ್ತರ: ಸೇರಿಸಬೇಕು. ಮೃಗಶಿರಾ ಮಳೆ ಹತ್ತಿರ ಬಂತೆಂದರೆ ಮುಂಬಯಿಯ ಸುತ್ತಮುತ್ತ ಕುರ್ಲಾದಿಂದ, ಭಾಂಡೂಪಿನಿಂದ, ಡೊಂಬಿವಲಿಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆಯಾದರೂ ಕೊನೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಮೊದಲ ಭಾಗವನ್ನು ಬೇಗ ಮುಗಿಸಿ, ಆ ಕೊನೆಯ ವಾಕ್ಯವನ್ನೇ ಹಿಡಿದು ಕೂರುತ್ತೇನೆ.

2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. 2008ರಲ್ಲೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಾಂಕ್ರಾಮಿಕ ರೋಗವೂ ಸೇರಿದ ಜೈವಿಕ ವಿಪತ್ತುಗಳಿಗೆಂದು ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಹೇರಿದ್ದೂ ಅದೇ ಕಾಯ್ದೆಯಡಿ. ಅಂದಮೇಲೆ ರೋಗ ವಿಪತ್ತು ಹೌದೋ ಅಲ್ಲವೋ ಎಂಬ ಚರ್ಚೆ ಮುಗಿದ ಕಥೆ. ಆಸ್ಪತ್ರೆ, ಔಷಧ, ರೋಗಿಗಳ ಲೆಕ್ಕ ಆರೋಗ್ಯ ವಿಭಾಗದ್ದು, ನಿಜ. ಆದರೆ ನಿಮ್ಮ ಕಟ್ಟಡದ ಪಂಪಿನ ಸ್ವಿಚ್ ಆರಿಸಲು ಅಲ್ಲಿಂದ ಯಾರೂ ಬರುವುದಿಲ್ಲ. ಆ ಸ್ವಿಚ್ಚಿನ ವಿಷಯ ಆಮೇಲೆ ಹೇಳುತ್ತೇನೆ.

ಈಗ ಹೆಣದ ಮಾತು. ಹೆಣ ಕೊಳೆತರೆ ರೋಗ ಹಬ್ಬುತ್ತದೆ ಎಂಬ ನಂಬಿಕೆಯಷ್ಟು ಗಟ್ಟಿಯಾಗಿ ಬೇರೂರಿದ್ದು ಇನ್ನೊಂದಿಲ್ಲ. ಓದಿದವರೂ ಹೇಳುತ್ತಾರೆ, ಟಿವಿಯಲ್ಲೂ ಹೇಳುತ್ತಾರೆ. ಸ್ವಲ್ಪ ಯೋಚಿಸಿ ನೋಡಿ. ನೆರೆಯಲ್ಲಿ ಸತ್ತವರು ಮುಳುಗಿ ಸತ್ತಿರುತ್ತಾರೆ, ಗೋಡೆ ಕುಸಿದು ಸತ್ತಿರುತ್ತಾರೆ, ಕರೆಂಟ್ ಹೊಡೆದು ಸತ್ತಿರುತ್ತಾರೆ. ಕಾಲರಾ ಬಂದು ಸತ್ತಿರುವುದಿಲ್ಲ. ಇಲ್ಲದ ರೋಗವನ್ನು ಹೆಣ ಎಲ್ಲಿಂದ ತಂದೀತು? ಕೊಳೆಯಿಸುವ ಬ್ಯಾಕ್ಟೀರಿಯಾ ಬೇರೆ, ಕಾಯಿಲೆ ತರುವ ಬ್ಯಾಕ್ಟೀರಿಯಾ ಬೇರೆ. ಮನುಷ್ಯನಿಗೆ ರೋಗ ತರುವ ಬಹುಪಾಲು ಕ್ರಿಮಿಗಳಿಗೆ ಬದುಕಿರುವ ಬಿಸಿ ಮೈ ಬೇಕು. ಮೈ ತಣ್ಣಗಾದ ಮೇಲೆ ಅವು ಹೆಚ್ಚು ದಿನ ಬಾಳುವುದಿಲ್ಲ. ವಾಸನೆಯಿಂದ ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಆದರೆ ವಾಸನೆ ರೋಗವನ್ನು ಹೊತ್ತು ತರುವುದಿಲ್ಲ.

ಹೈಟಿ ದೇಶದಲ್ಲಿ ನಡೆದದ್ದನ್ನು ನೋಡಿ. 2010ರ ಜನವರಿಯಲ್ಲಿ ಭೂಕಂಪವಾಗಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹೆಣಗಳು ವಾರಗಟ್ಟಲೆ ಅವಶೇಷಗಳ ಅಡಿಯಲ್ಲೇ ಉಳಿದವು. ಕಾಲರಾ ಬರಲಿಲ್ಲ. ಬಂದದ್ದು ಅಕ್ಟೋಬರಿನಲ್ಲಿ, ಅದೂ ಭೂಕಂಪ ಕೆಡವಿದ ರಾಜಧಾನಿಯಿಂದ ದೂರದಲ್ಲಿ, ಆರ್ಟಿಬೋನಿಟ್ ನದಿಯ ಕಣಿವೆಯಲ್ಲಿ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವೊಂದರ ಕೊಳಚೆ ಆ ನದಿಯನ್ನು ಸೇರಿತ್ತು. ಸುಮಾರು 10,000 ಜನರನ್ನು ಆ ಕಾಲರಾ ಕೊಂದಿತು. ಅಷ್ಟೊಂದು ಹೆಣಗಳು ಮಾಡದ್ದನ್ನು ಬದುಕಿದ್ದವರ ಮಲ ಬೆರೆತ ನೀರು ಮಾಡಿತು.

ಇದಕ್ಕೆ ಹೊರತಾದ ಸಂದರ್ಭಗಳಿವೆ, ಅವನ್ನೂ ಹೇಳಿಬಿಡುತ್ತೇನೆ. ಕಾಲರಾ, ಪ್ಲೇಗ್, ಎಬೋಲಾದಂಥ ರೋಗದಿಂದಲೇ ಸತ್ತವರ ಶವಕ್ಕೆ ಎಚ್ಚರಿಕೆ ಬೇಕು. ರೋಗ ಬಂದು ಸತ್ತ ದನದ ವಿಷಯವೂ ಹಾಗೆಯೇ. ಶವ ಕುಡಿಯುವ ನೀರಿನಲ್ಲಿ ಬಿದ್ದಿದ್ದರೆ ಭೇದಿ ಬರಬಹುದು, ಮೊದಲು ಅದನ್ನು ತೆಗೆಯಬೇಕು. ಶವ ಎತ್ತುವವರಿಗೆ ಕೈಗವಸು, ಗಮ್‌ಬೂಟು ಬೇಕೇ ಬೇಕು. ಉಳಿದ ಊರಿಗೆ ಅದರಿಂದ ಭಯವಿಲ್ಲ.

ಇಷ್ಟು ಹಟ ಹಿಡಿದು ಹೇಳುತ್ತಿರುವುದು ಈ ನಂಬಿಕೆ ಎರಡು ಕಡೆಯಿಂದ ಕೊಲ್ಲುತ್ತದೆ ಎಂಬ ಕಾರಣಕ್ಕೆ. ಹೆದರಿದ ಆಡಳಿತ ಗುರುತು ಹಿಡಿಯದ ಶವಗಳನ್ನು ಒಟ್ಟಿಗೆ ಹೂತುಬಿಡುತ್ತದೆ. ಆಮೇಲೆ ಆ ಮನೆಯವರಿಗೆ ಮರಣ ಪ್ರಮಾಣಪತ್ರವಿಲ್ಲ, ವಿಮೆಯಿಲ್ಲ, ಪರಿಹಾರವಿಲ್ಲ, ತಿಥಿ ಯಾವ ದಿನ ಮಾಡಬೇಕೆಂದೂ ಗೊತ್ತಿಲ್ಲ. ಇನ್ನೊಂದು ಕಡೆ, ಸತ್ತ ಎಮ್ಮೆಯ ಸುತ್ತ ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರ್ ಚೆಲ್ಲುವಾಗ ಕುಡಿಯುವ ನೀರಿನ ಟ್ಯಾಂಕಿನತ್ತ ಯಾರೂ ತಿರುಗಿ ನೋಡುವುದಿಲ್ಲ.

2005ರ ಜುಲೈ 26 ನಮ್ಮಲ್ಲಿ ಎಷ್ಟೋ ಜನರಿಗೆ ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮಿಠಿ ನದಿ ಉಕ್ಕಿ ಕಲೀನಾ, ಕುರ್ಲಾ ಮುಳುಗಿದವು. ಉಪನಗರದ ತಬೇಲಾಗಳಲ್ಲಿ ಕಟ್ಟಿದ ಎಮ್ಮೆಗಳು ಕಟ್ಟಿದಲ್ಲೇ ಸತ್ತವು. ಊರೆಲ್ಲ ಆ ವಾಸನೆಗೆ ಹೆದರಿತು. ಬಂದದ್ದು ಇಲಿಜ್ವರ. ಅದರ ಬ್ಯಾಕ್ಟೀರಿಯಾ ಇರುವುದು ಬದುಕಿರುವ ಇಲಿ, ನಾಯಿ, ದನಗಳ ಮೂತ್ರದಲ್ಲಿ. ಮೂತ್ರ ನೆರೆನೀರಿಗೆ ಸೇರುತ್ತದೆ, ಆ ನೀರಿನಲ್ಲಿ ನಡೆದವರ ಹಿಮ್ಮಡಿಯ ಬಿರುಕಿನಿಂದ, ಕಾಲಿನ ಗೀರು ಗಾಯದಿಂದ ಒಳಗೆ ಹೋಗುತ್ತದೆ. ನೀರು ಇಳಿದ ಮರುದಿನ ಯಾರಿಗೂ ಏನೂ ಆಗಿರುವುದಿಲ್ಲ. ಸಾಮಾನ್ಯವಾಗಿ 5ರಿಂದ 14 ದಿನಗಳ ನಂತರ ಜ್ವರ, ಮೀನಖಂಡ ಹಿಂಡುವ ನೋವು, ಕೆಂಪು ಕಣ್ಣು. ಅಷ್ಟರಲ್ಲಿ ಎಲ್ಲರೂ ಆಫೀಸಿಗೆ ಮರಳಿರುತ್ತಾರೆ. ಜ್ವರಕ್ಕೂ ಆ ದಿನದ ನೀರಿಗೂ ನಂಟು ಹೊಳೆಯುವುದಿಲ್ಲ.

ನಿಮ್ಮ ಯೋಜನೆಯಲ್ಲಿ ರೋಗಕ್ಕೆ ಜಾಗ ಬೇಕೆನ್ನುವುದು ಇದಕ್ಕೇ. ಬೆಂಕಿ, ಭೂಕಂಪ ಹೇಳದೆ ಬರುತ್ತವೆ. ನೆರೆಯ ನಂತರದ ರೋಗಗಳು ಹೆಚ್ಚುಕಡಿಮೆ ದಿನ ಹೇಳಿಯೇ ಬರುತ್ತವೆ. ವಾಂತಿಭೇದಿ ಮೊದಲ ವಾರದಲ್ಲೇ. ಇಲಿಜ್ವರ ಎರಡನೆಯ ವಾರದ ಸುಮಾರಿಗೆ. ಡೆಂಗಿ ಎರಡು ಮೂರು ವಾರ ಕಳೆದು, ಏಕೆಂದರೆ ಟೆರೇಸಿನ ಡಬ್ಬಿ, ಹೂಕುಂಡದ ತಟ್ಟೆಯಲ್ಲಿ ನಿಂತ ತಿಳಿನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಬೇಕು. ಕಲುಷಿತ ನೀರಿನ ಕಾಮಾಲೆ ಇನ್ನೂ ತಡ, ತಿಂಗಳಾದ ಮೇಲೂ ಬಂದೀತು. ನೆರೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಮುಂದಿನ ವಾರಗಳಿಗೆ ನಿಗಾ ಇಡುವ ಒಬ್ಬೊಬ್ಬರ ಹೆಸರು ಬರೆಯಿರಿ.

ಇನ್ನು ಆ ಸ್ವಿಚ್. ಗೇಟಿನ ಹತ್ತಿರವೋ ಪಾರ್ಕಿಂಗ್‌ನಲ್ಲೋ ನೆಲದೊಳಗೆ ನಿಮ್ಮ ಟ್ಯಾಂಕ್ ಇರುತ್ತದೆ. ಕಬ್ಬಿಣದ ಮುಚ್ಚಳ ನೆಲದ ಮಟ್ಟಕ್ಕೇ ಇರುತ್ತದೆ, ಅಂಚು ತುಕ್ಕು ಹಿಡಿದು ಬೆರಳು ತೂರುವಷ್ಟು ಸಂದಿ ಬಿಟ್ಟಿರುತ್ತದೆ. ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತರೆ ಆ ಸಂದಿಯಿಂದ ಗಟಾರದ ನೀರು ಒಳಗಿಳಿಯುತ್ತದೆ. ಕರೆಂಟ್ ಬಂದ ಕೂಡಲೇ ಪಂಪ್ ತಾನಾಗಿ ಚಾಲೂ ಆಗಿ ಅದನ್ನು ಟೆರೇಸಿನ ಟ್ಯಾಂಕಿಗೆ ಏರಿಸುತ್ತದೆ. ನೆರೆಯ ಹನಿಯನ್ನೂ ಮುಟ್ಟದ ಏಳನೆಯ ಮಹಡಿಯ ಅಜ್ಜಿಗೂ ಭೇದಿ ಶುರುವಾಗುತ್ತದೆ. ಆದ್ದರಿಂದ ಯೋಜನೆಯ ಮೊದಲ ಸಾಲು ಹೀಗಿರಲಿ: ಅಂಗಳಕ್ಕೆ ನೀರು ನುಗ್ಗುವ ಮೊದಲೇ ಪಂಪ್ ಬಂದ್ ಮಾಡುವವರು ಯಾರು, ಅವರು ಇಲ್ಲದಿದ್ದರೆ ಇನ್ಯಾರು. ಮಳೆಗಾಲಕ್ಕೆ ಮುಂಚೆ ಟ್ಯಾಂಕಿನ ಬಾಯಿಗೆ ಕಟ್ಟೆ ಎತ್ತರಿಸಿ. ನೀರು ಇಳಿದ ಮೇಲೆ ಎರಡೂ ಟ್ಯಾಂಕ್ ಖಾಲಿ ಮಾಡಿಸಿ, ಉಜ್ಜಿಸಿ, ಕ್ಲೋರಿನ್ ಹಾಕಿಸಿ. ಅಗ್ಗದ ಪರೀಕ್ಷಾ ಕಿಟ್ ಸಿಗುತ್ತದೆ: ಹನಿ ಬಿಟ್ಟರೆ ನೀರು ಹಳದಿಗೆ ತಿರುಗಬೇಕು, ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಲ್ಲಿಯವರೆಗೆ ಕುದಿಸಿದ ನೀರೇ. ನೆರೆನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕೇ ಎಂದು ಕೇಳಲಿ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಆ ಮಾತ್ರೆ ಆಗದು, ಅವರಿಗೆ ಬೇರೆ ಔಷಧವಿದೆ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕೆನಿಸುತ್ತಿದೆ. ನಮ್ಮವರು ಅಭಿಮಾನಪಡುವ ಮಾಟುಂಗಾದ ಅಗಲ ರಸ್ತೆಗಳು ಹುಟ್ಟಿದ್ದೂ ಈ ವಾಸನೆಯ ಭಯದಿಂದಲೇ. 1896ರಲ್ಲಿ ಡಾ. ಅಕಾಶಿಯೊ ವಿಯೇಗಸ್ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಗುರುತಿಸಿದಾಗ ಕೆಟ್ಟ ಗಾಳಿಯೇ ಕಾರಣವೆಂದು ಬಗೆದ ಆಡಳಿತ ಗಟಾರಗಳಿಗೆ ಕಾರ್ಬಾಲಿಕ್ ಎಂಬ ಕ್ರಿಮಿನಾಶಕ ಬೆರೆಸಿದ ಸಮುದ್ರದ ನೀರು ಸುರಿಸಿತು. ಇಲಿಯ ಚಿಗಟವೇ ಪ್ಲೇಗನ್ನು ದಾಟಿಸುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಆದರೂ ಅದೇ ವರ್ಷ ಮುಂಬಯಿ ನಗರದ ಸುಧಾರಣೆಗೆಂದು ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಳಿ ಬೆಳಕು ಆಡಲೆಂದು ದಾದರ್, ಮಾಟುಂಗಾ ಬಡಾವಣೆಗಳನ್ನು ರೂಪಿಸಿತು.

ಪುಣೆಯಲ್ಲಿ 1897ರ ಪ್ಲೇಗಿನ ಕಾಲದಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಜನ ರೋಗಿಗಳನ್ನು ಬಚ್ಚಿಡತೊಡಗಿದರು. ಕೋವಿಡ್ ಕಾಲದಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದಾಗಲೂ ಜನ ಜ್ವರ ಮುಚ್ಚಿಟ್ಟರು. ಆದ್ದರಿಂದ ಯಾರ ಮನೆಯಲ್ಲಿ ಜ್ವರವಿದೆಯೆಂದು ನಿಮ್ಮ ಸೊಸೈಟಿ ಬರೆದಿಡುವ ಪಟ್ಟಿ ನೋಟಿಸ್ ಬೋರ್ಡಿಗೆ ಹೋಗಕೂಡದು. ಅದು ಕಾರ್ಯದರ್ಶಿಯ ಬಳಿ ಮಾತ್ರ ಇರಲಿ. ಒಂದೇ ವಾರದಲ್ಲಿ ಎರಡು ಮೂರು ಮನೆಯಲ್ಲಿ ಜ್ವರವೋ ಭೇದಿಯೋ ಕಂಡರೆ ಅದೇ ದಿನ ಪಾಲಿಕೆಯ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮುಂಬಯಿ ಪಾಲಿಕೆಯ ವ್ಯಾಪ್ತಿಯವರು ನೆರೆಯ ತುರ್ತಿಗೆ 1916ಕ್ಕೆ ಫೋನ್ ಮಾಡಬಹುದು.