ದ್ರವ ಹೋಗಿ ಕಲ್ಲು ಬರಬೇಕು: ಘನ ಬ್ಯಾಟರಿಯ ಹಿಂದಿನ ಕಥೆ

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗ್ ರಾತ್ರಿ ಹತ್ತೂವರೆವರೆಗೂ ಎಳೆಯಿತು. ಇದ್ದದ್ದು ಒಂದೇ ವಿಷಯ. ಬೇಸ್‌ಮೆಂಟಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಪಾಯಿಂಟ್ ಹಾಕಿಸಬೇಕಾ, ಬೇಡವಾ? 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೊಗಳನ್ನು ಯಾರೂ ಮರೆತಿಲ್ಲ. ಕೊನೆಗೆ ಎರಡನೇ ಮಹಡಿಯ ಆಂಟಿ ಕೇಳಿದರು: "ಅಲ್ಲಪ್ಪ, ಬೆಂಕಿನೇ ಹತ್ತದಂಥ ಬ್ಯಾಟರಿ ಮಾಡೋಕಾಗಲ್ವಾ?"

ನನಗೆ ಆ ರಾತ್ರಿಯ ಅತಿ ಒಳ್ಳೆಯ ಪ್ರಶ್ನೆ ಅದೇ ಅನ್ನಿಸಿತು. ಉತ್ತರ ಹುಡುಕುತ್ತಾ ಹೋದರೆ ದಾರಿ ಬಹಳ ಹಿಂದಕ್ಕೆ ಹೋಗುತ್ತದೆ. ನಡುವೆ ಒಮ್ಮೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ಗೇಟಿನೊಳಗೂ ಬರುತ್ತದೆ.

ಮೊದಲು, ಉರಿಯುವುದು ಏನು ಅಂತ ನೋಡೋಣ. ಲಿಥಿಯಂ ಬ್ಯಾಟರಿಗೆ ಎರಡು ಬದಿ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಒಂದು ಬದಿಯಿಂದ ಇನ್ನೊಂದಕ್ಕೆ ಹೋಗುತ್ತವೆ, ಗಾಡಿ ಓಡುವಾಗ ವಾಪಸ್ ಬರುತ್ತವೆ. ಅವು ಓಡಾಡುವ ದಾರಿಯೇ ಎಲೆಕ್ಟ್ರೊಲೈಟ್. ಈಗಿನ ಬ್ಯಾಟರಿಗಳಲ್ಲಿ ಅದೊಂದು ದ್ರವ. ಲಿಥಿಯಂ ಲವಣವನ್ನು ಕರಗಿಸಿಟ್ಟ, ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಸೆಲ್ ಒಳಗೆ ಶಾರ್ಟ್ ಆಗಿ ಬಿಸಿ ಏರಿದರೆ ಬೆಂಕಿಗೆ ಇದೇ ಎಣ್ಣೆ.

ಇನ್ನೊಂದು ತೊಂದರೆಯೂ ಇದೆ. ಒಂದು ಬದಿಗೆ ಅಪ್ಪಟ ಲಿಥಿಯಂ ಲೋಹವನ್ನೇ ಬಳಸಿದರೆ ಒಂದು ಗ್ರಾಮ್‌ನಲ್ಲಿ 3,860 ಮಿಲಿಆಂಪಿಯರ್-ಅವರ್ ಹಿಡಿಸಬಹುದು. ಈಗ ಆ ಜಾಗದಲ್ಲಿರುವ ಗ್ರಾಫೈಟ್‌ನಲ್ಲಿ (ಒಂದು ಬಗೆಯ ಇಂಗಾಲ) ಹಿಡಿಸುವುದು ಬರೀ 372. ಆದರೆ ದ್ರವದೊಳಗೆ ಲಿಥಿಯಂ ಲೋಹ ಚಾರ್ಜ್ ಆಗುತ್ತಾ ಆಗುತ್ತಾ ಮುಳ್ಳು ಬೆಳೆಸುತ್ತದೆ. ಮುಳ್ಳು ಆಚೆ ಬದಿಗೆ ತಾಗಿತೋ, ಶಾರ್ಟ್. 1980ರ ದಶಕದ ಕೊನೆಯಲ್ಲಿ ಅಂಥ ಬ್ಯಾಟರಿ ಹಾಕಿದ್ದ ಫೋನ್‌ಗಳಿಗೆ ಬೆಂಕಿ ಹತ್ತಿ ಅವುಗಳನ್ನು ವಾಪಸ್ ತರಿಸಿಕೊಂಡರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಲೋಹದ ಸಹವಾಸ ಬಿಟ್ಟು ಇಂಗಾಲ ಹಿಡಿಯಿತು. ನಮ್ಮ ಜೇಬಿನ ಫೋನೂ ಇವತ್ತಿಗೂ ಅದೇ ದಾರಿಯಲ್ಲಿದೆ. ದ್ರವದ ಜಾಗಕ್ಕೆ ಗಟ್ಟಿ ವಸ್ತು ಬಂದರೆ ಎಣ್ಣೆಯೂ ಹೋಗುತ್ತದೆ, ಮುಳ್ಳಿಗೂ ತಡೆ ಬೀಳುತ್ತದೆ. ಘನ ಬ್ಯಾಟರಿಯ ಹಿಂದಿನ ಆಸೆ ಇಷ್ಟೇ.

ಕಲ್ಲಿನಂಥ ವಸ್ತುವಿನೊಳಗೆ ಅಯಾನು ಓಡಾಡುವುದು ಹೊಸ ವಿಷಯವೇನಲ್ಲ. 1830ರ ದಶಕದಲ್ಲೇ ಮೈಕೆಲ್ ಫ್ಯಾರಡೆ ಬಿಸಿ ಮಾಡಿದ ಸಿಲ್ವರ್ ಸಲ್ಫೈಡ್‌ನಲ್ಲಿ ವಿದ್ಯುತ್ ಹರಿಯುವುದನ್ನು ಕಂಡಿದ್ದರು. 1967ರಲ್ಲಿ ಫೋರ್ಡ್ ಕಂಪನಿಯ ವಿಜ್ಞಾನಿಗಳು ಬೀಟಾ ಅಲ್ಯೂಮಿನಾ ಎಂಬ ಪಿಂಗಾಣಿಯೊಳಗೆ ಸೋಡಿಯಂ ಸಲೀಸಾಗಿ ಸಾಗುತ್ತದೆ ಅಂತ ತೋರಿಸಿದರು. ಲಿಥಿಯಂ ಮಾತ್ರ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ.

1993ರಲ್ಲಿ ಜಪಾನಿನವರು ಲಿಥಿಯಂ ಲ್ಯಾಂಥನಮ್ ಟೈಟನೇಟ್ ಎಂಬ ಹರಳು ತಂದರು. ಹರಳಿನೊಳಗೆ ಲಿಥಿಯಂ ಚೆನ್ನಾಗಿಯೇ ಓಡಿತು. ಆದರೆ ಲಿಥಿಯಂ ಲೋಹ ತಾಗಿದ ಕಡೆ ಟೈಟಾನಿಯಂ ಕೆಟ್ಟು, ಅಯಾನಿನ ಜೊತೆ ಎಲೆಕ್ಟ್ರಾನ್‌ಗೂ ದಾರಿ ಬಿಟ್ಟಿತು. ಎಲೆಕ್ಟ್ರಾನನ್ನು ತಡೆಯದಿದ್ದರೆ ಅದು ಎರಡು ಬದಿಗಳ ನಡುವಿನ ತಡೆಗೋಡೆಯೇ ಅಲ್ಲ. ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಹರಿವು ಸರಿಹೋಗುತ್ತದೆ, ಎರಡು ವಸ್ತು ಮುಟ್ಟುವ ಅಂಚು ಕೈಕೊಡುತ್ತದೆ.

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1976ರಲ್ಲಿ ಸಿ.ಎನ್.ಆರ್. ರಾವ್ ಕಟ್ಟಿದ ಘನಸ್ಥಿತಿ ರಸಾಯನ ವಿಭಾಗ ಇದೆ. ಜೆ. ಗೋಪಾಲಕೃಷ್ಣನ್ ಅಲ್ಲಿ ಹೊಸ ಹೊಸ ಆಕ್ಸೈಡ್ ಹರಳುಗಳನ್ನು ಮಾಡುತ್ತಿದ್ದರು. ಅವರ ಜೊತೆ ಪಿಎಚ್‌.ಡಿ. ಮಾಡುತ್ತಿದ್ದವರು ವೆಂಕಟರಾಮನ್ ತಂಗದೊರೈ. 1999ರಲ್ಲಿ ಇವರಿಬ್ಬರೂ ಎ.ಕೆ. ಶುಕ್ಲಾ ಜೊತೆಗೂಡಿ ಜಿರ್ಕೋನಿಯಂ, ಟ್ಯಾಂಟಲಮ್‌ ಹಾಕಿದ ಲಿಥಿಯಂ ಹರಳುಗಳ ಬಗ್ಗೆ ಬರೆದರು. ತಂಗದೊರೈ ಅಲ್ಲಿಂದ ಜರ್ಮನಿಯ ಕೀಲ್‌ಗೆ, ವರ್ನರ್ ವೆಪ್ನರ್ ಹತ್ತಿರ ಹೋದರು. 2003ರಲ್ಲಿ ಗಾರ್ನೆಟ್ ಎಂಬ ರತ್ನದ ಕಲ್ಲಿನ ರಚನೆಯೇ ಇರುವ ಲಿಥಿಯಂ ಹರಳು ಬಂತು. 2007ರಲ್ಲಿ ರಾಮಸ್ವಾಮಿ ಮುರುಗನ್, ತಂಗದೊರೈ ಮತ್ತು ವೆಪ್ನರ್ ಸೇರಿ ಲಿಥಿಯಂ, ಲ್ಯಾಂಥನಮ್, ಜಿರ್ಕೋನಿಯಂ ಇರುವ ಗಾರ್ನೆಟ್ ಪ್ರಕಟಿಸಿದರು. ಲಿಥಿಯಂ ಲೋಹ ಮುಟ್ಟಿದರೂ ಅದು ಹೆಚ್ಚುಕಮ್ಮಿ ಕೆಡುವುದಿಲ್ಲ. ಇವತ್ತು ಜಗತ್ತಿನ ಎಷ್ಟೋ ಲ್ಯಾಬ್‌ಗಳು ಕೆಲಸ ಮಾಡುತ್ತಿರುವುದು ಅದೇ ಹರಳಿನ ಮೇಲೆ.

ಅದನ್ನು ಮಾಡುವ ಬಗೆ ಹೇಳಲೇಬೇಕು. ಮೂರು ಪುಡಿಗಳನ್ನು ನುಣ್ಣಗೆ ಅರೆಯುತ್ತಾರೆ. ಲಿಥಿಯಂ ಮಾತ್ರ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ, ಯಾಕೆಂದರೆ ಬಿಸಿಗೆ ಅದು ಆವಿಯಾಗುತ್ತದೆ. ಒತ್ತಿ ನಾಣ್ಯದಂಥ ಬಿಲ್ಲೆ ಮಾಡಿ, ಅದರ ಸುತ್ತ ಅದೇ ಪುಡಿ ತುಂಬಿ, ಮೂಸೆಯಲ್ಲಿಟ್ಟು 1,100 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಸುಡುತ್ತಾರೆ. ಇಲ್ಲೊಂದು ಸೋಜಿಗವಿದೆ. ಅಲ್ಯೂಮಿನಾ ಮೂಸೆಯಲ್ಲಿ ಸುಟ್ಟರೆ ಮೂಸೆಯ ಅಲ್ಯೂಮಿನಿಯಂ ಚೂರು ಬಿಲ್ಲೆಗೆ ಇಳಿಯುತ್ತದೆ. ಲಿಥಿಯಂ ವೇಗವಾಗಿ ಓಡುವ ಘನಾಕೃತಿಯ (ಕ್ಯೂಬ್) ಹರಳು ತಣ್ಣಗಾದ ಮೇಲೂ ಹಾಗೇ ನಿಲ್ಲುವುದು ಆ ಚೂರಿನಿಂದ. ಅದಿಲ್ಲದಿದ್ದರೆ ಹರಳು ಬೇರೆ ಆಕಾರಕ್ಕೆ ತಿರುಗಿ, ಹರಿವು ಸುಮಾರು ನೂರು ಪಟ್ಟು ಕುಸಿಯುತ್ತದೆ. ಅಡುಗೆಯ ರುಚಿ ಪಾತ್ರೆಯಿಂದಲೂ ಬರುತ್ತದೆ ಅನ್ನುತ್ತೇವಲ್ಲ, ಹಾಗೆ. ಪಾತ್ರೆಯ ಈ ಪಾಲು ಸ್ಪಷ್ಟವಾದದ್ದು ಕೆಲವು ವರ್ಷಗಳ ನಂತರ.

ಬಿಲ್ಲೆಯನ್ನು ಹೊರಗಿಟ್ಟರೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಮೇಲೆ ಲಿಥಿಯಂ ಕಾರ್ಬೊನೇಟಿನ ತೆಳು ಪೊರೆ ಕಟ್ಟುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಕೇಳಲೇಬೇಡಿ. ಪೊರೆಯ ಮೇಲೆ ಲಿಥಿಯಂ ಹರಡದು. ಎಣ್ಣೆ ಮೆತ್ತಿದ ತಟ್ಟೆಯ ಮೇಲೆ ನೀರು ಹನಿ ಹನಿಯಾಗಿ ನಿಲ್ಲುತ್ತದಲ್ಲ, ಹಾಗಾಗುತ್ತದೆ. ಅದಕ್ಕೇ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ, ದಪ್ಪ ರಬ್ಬರ್ ಕೈಗವಸು ತೂರಿಸಿಕೊಂಡು, ಬಿಲ್ಲೆಯನ್ನು ಮರಳು ಕಾಗದದಲ್ಲಿ ಉಜ್ಜುತ್ತಾರೆ.

2011ರಲ್ಲಿ ಜಪಾನಿನ ರ್ಯೋಜಿ ಕಾನ್ನೊ ತಂಡ ಗಂಧಕದ ಹರಳೊಂದನ್ನು ತಂದಿತು. ಅದರೊಳಗೆ ಲಿಥಿಯಂ ಹೆಚ್ಚುಕಮ್ಮಿ ದ್ರವದಲ್ಲಿ ಓಡಿದಷ್ಟೇ ವೇಗವಾಗಿ ಓಡಿತು. ಮೆತ್ತಗಿರುವುದರಿಂದ ಒತ್ತಿದರೆ ಸಾಕು, ಕೂತುಕೊಳ್ಳುತ್ತದೆ. ಆದರೆ ತೇವ ತಾಗಿದರೆ ಕೊಳೆತ ಮೊಟ್ಟೆಯ ನಾತದ ವಿಷಾನಿಲ ಬಿಡುತ್ತದೆ. ಲಿಥಿಯಂ ಲೋಹದ ಜೊತೆಗೂ ಹೊಂದಿಕೆ ಇಲ್ಲ. ಮತ್ತೆ ಅಂಚಿನದೇ ತಕರಾರು!

ಗಟ್ಟಿ ಗಾರ್ನೆಟ್ ಇಟ್ಟರೆ ಮುಳ್ಳು ನಿಲ್ಲುತ್ತದೆ ಅಂದುಕೊಂಡಿದ್ದರು. ನಿಲ್ಲಲಿಲ್ಲ. ಹಳೇ ಕಾಂಪೌಂಡ್ ಗೋಡೆಯ ಬಿರುಕಿಗೆ ಅರಳಿ ಗಿಡದ ಬೇರು ಇಳಿಯುವ ಹಾಗೆ ಮೆತ್ತಗಿನ ಲಿಥಿಯಂ ಪಿಂಗಾಣಿಯನ್ನೇ ಸೀಳಿತು. ಯಾಕೆ? ಟಾಟಾ ಇನ್‌ಸ್ಟಿಟ್ಯೂಟಿನ ಅದೇ ವಿಭಾಗದ ನಾಗ ಫಣಿ ಏಟುಕೂರಿ ಅವರ ತಂಡ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಜೊತೆ 2022ರಲ್ಲಿ ಇದನ್ನು ಬಿಡಿಸಿ ತೋರಿಸಿತು. ಬ್ಯಾಟರಿ ಖಾಲಿಯಾಗುವಾಗ ಲಿಥಿಯಂ ಲೋಹದಿಂದ ಅಯಾನುಗಳು ಹೊರಟುಹೋಗುತ್ತವೆ. ಆ ಜಾಗ ಬೇಗ ತುಂಬದಿದ್ದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. ಮತ್ತೆ ಚಾರ್ಜ್ ಮಾಡಿದಾಗ ಕರೆಂಟೆಲ್ಲ ಗುಳಿಯ ಅಂಚಿಗೇ ನುಗ್ಗುತ್ತದೆ. ಮುಳ್ಳು ಹುಟ್ಟುವುದು ಅಲ್ಲೇ. ನಡುವೆ ಟಂಗ್‌ಸ್ಟನ್ ಅಥವಾ ಮೊಲಿಬ್ಡಿನಮ್‌ನ ತೀರಾ ತೆಳು ಪದರ ಕೊಟ್ಟಾಗ ಮುಳ್ಳು ಬರುವುದು ತಡವಾಯಿತು. ನನಗೆ ಈ ಕೆಲಸ ಇಷ್ಟವಾಗಲು ಕಾರಣ, ಅವರು ಮುಳ್ಳಿನ ತುದಿ ನೋಡುತ್ತಾ ಕೂರದೆ ಬುಡ ಹುಡುಕಿದ್ದು.

ಲ್ಯಾಬಿನ ಬಿಲ್ಲೆ ಸುಮಾರು ಒಂದು ಮಿಲಿಮೀಟರ್ ದಪ್ಪ. ಈಗಿನ ಸೆಲ್‌ಗಳಲ್ಲಿ ಎರಡು ಬದಿಗಳ ನಡುವೆ ಇರುವ ಪ್ಲಾಸ್ಟಿಕ್ ಹಾಳೆ ಅದರ ಐವತ್ತನೇ ಒಂದು ಭಾಗದಷ್ಟು. ಪಿಂಗಾಣಿಯನ್ನೂ ಅಷ್ಟೇ ತೆಳ್ಳಗೆ, ಅಂಗೈಯಗಲ, ಬಿರುಕಿಲ್ಲದೆ, ಲಕ್ಷಗಟ್ಟಲೆ ಮಾಡಬೇಕು. ನಮ್ಮ ರಸ್ತೆಯ ಹಂಪ್‌ಗಳ ಮೇಲೆ ಅದು ತಾಳಲೂ ಬೇಕು.

ಇದನ್ನೆಲ್ಲ ಮೊನ್ನೆ ಲಿಫ್ಟ್ ಹತ್ತಿರ ಆಂಟಿಗೆ ಹೇಳಿದೆ. "ಮಾಡೋಕಾಗುತ್ತೆ ಆಂಟಿ, ಇನ್ನೂ ಆಗ್ತಾ ಇದೆ" ಅಂದೆ. ಲಿಥಿಯಂ ಲೋಹವೂ ಉರಿಯುವಂಥದ್ದೇ, ಹಾಗಾಗಿ ಪೂರ್ತಿ ಭಯ ಹೋಗಲ್ಲ ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಚಾರ್ಜಿಂಗ್ ಪಾಯಿಂಟನ್ನು ಬೇಸ್‌ಮೆಂಟಿನಲ್ಲಿ ಬೇಡ, ಗೇಟಿನ ಪಕ್ಕ ತೆರೆದ ಜಾಗದಲ್ಲಿ ಹಾಕಿಸೋಣ ಅಂದರು. ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್ ಬರುತ್ತಾನೆ.