ಕೆರೆಯ ಮೀನಿಗೆ ಉಸಿರು ಕಟ್ಟುವುದು ಬೆಳಗಿನ ಜಾವ

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ದಡಕ್ಕೆ ಸತ್ತ ಮೀನುಗಳು ರಾಶಿ ರಾಶಿಯಾಗಿ ತೇಲಿ ಬಂದವು. ಇಂಥ ಹೊತ್ತಿನಲ್ಲಿ ಮೊದಲು ಕೇಳಿಬರುವ ಮಾತು, ಯಾರೋ ವಿಷ ಹಾಕಿರಬೇಕು ಅಂತ. ಎಷ್ಟೋ ಸಲ ವಿಷವೇ ಬೇಕಾಗಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದರೆ ಸಾಕು.

ಹಿಂದೆ ಹೀಗಿರಲಿಲ್ಲ ಅನ್ನುವುದು ಸುಮ್ನೆ ಹಳೆಯದನ್ನು ಹೊಗಳುವ ಮಾತಲ್ಲ. ಬೆಂಗಳೂರಿನ ಸುತ್ತ ಹೆಚ್ಚಿನ ಕೆರೆಗಳನ್ನು ಕಟ್ಟಿದ್ದು ಬೇಸಾಯಕ್ಕೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆರೆಗಳನ್ನು ಜೋಡಿಸುವ ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ತೂಬು ತೆಗೆದು ಗದ್ದೆಗೆ ನೀರು ಬಿಡುವವನು ನೀರುಗಂಟಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ತಳದಲ್ಲಿ ಕೂತ ಹೂಳು, ಅಂದರೆ ಗೋಡು ಮಣ್ಣು ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಅವರಿಗೆ ಬೇಕಿದ್ದದ್ದು ಗೊಬ್ಬರ. ಆದರೆ ತಳದಲ್ಲಿ ಕೊಳೆಯಬೇಕಿದ್ದದ್ದೂ ಅದೇ ಗಾಡಿಯಲ್ಲಿ ಆಚೆ ಹೋಗುತ್ತಿತ್ತು. ನೀರಿನ ಗುಣಮಟ್ಟ ಕಾಯುತ್ತಿದ್ದೇವೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಆಮೇಲೆ ನಲ್ಲಿ ಬಂತು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ್ದು, 1974ರಲ್ಲಿ ಕಾವೇರಿಯದು. ದೂರದಿಂದ ಬಂದ ನೀರು ಬಳಸಿದ ಮೇಲೆ ಎಲ್ಲಿಗೆ ಹೋಗಬೇಕು? ಇಳಿಜಾರು ಹುಡುಕಿಕೊಂಡು ಅದೇ ರಾಜಕಾಲುವೆಗೆ. ಅಷ್ಟರಲ್ಲಿ ಗದ್ದೆಗಳು ಲೇಔಟ್ ಆಗಿದ್ದವು, ನೀರುಗಂಟಿಗೆ ಕೆಲಸವಿರಲಿಲ್ಲ. ಬೇಸಿಗೆಯಲ್ಲಿ ಬತ್ತುತ್ತಿದ್ದ ಕೆರೆಗಳು ಕೊಳಚೆಯಿಂದ ವರ್ಷಪೂರ್ತಿ ತುಂಬಿಯೇ ಇರತೊಡಗಿದವು. ಗೋಡು ಎತ್ತುವವರಿಲ್ಲ, ಬೇಕೆನ್ನುವವರೂ ಇಲ್ಲ. 1980ರ ದಶಕದಲ್ಲಿ ಸರ್ಕಾರ ನೇಮಿಸಿದ ಲಕ್ಷ್ಮಣರಾವ್ ಸಮಿತಿ ಕೆರೆಗಳನ್ನು ಉಳಿಸಿ, ಕೊಳಚೆ ಬಿಡಬೇಡಿ ಅಂತ ಹೇಳಿತು. ಆದರೂ ಕೊಳಚೆ ನಿಲ್ಲಲಿಲ್ಲ, 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು.

ಈಗ ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ ನೀರಿನ ಮಾದರಿ ತೆಗೆದು ಎ ಇಂದ ಇ ತನಕ ದರ್ಜೆ ಕೊಡುತ್ತದೆ. ಮೀನು ಬದುಕುವ ಡಿ ದರ್ಜೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಕೃಷಿಗೆ ಸಲ್ಲುವ ಇ ದರ್ಜೆಯಲ್ಲಿ ಆಮ್ಲಜನಕದ ಲೆಕ್ಕವೇ ಇಲ್ಲ! ನನಗೆ ಅದಕ್ಕಿಂತ ದೊಡ್ಡ ತೊಂದರೆ ಅನ್ನಿಸುವುದು ಗಡಿಯಾರದ್ದು.

ಕೊಳಚೆಯಲ್ಲಿರುವ ಸಾರಜನಕ, ರಂಜಕ ತಿಂದು ಪಾಚಿ ಕೊಬ್ಬುತ್ತದೆ. ಬಿಸಿಲಿದ್ದಾಗ ಆ ಪಾಚಿ ಆಮ್ಲಜನಕ ಬಿಡುತ್ತದೆ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ಹಸಿರುಗಟ್ಟಿದ ಕೆರೆಯಲ್ಲೂ ಅಳತೆ ಚೆನ್ನಾಗಿಯೇ ಬರಬಹುದು. ಕತ್ತಲಾದ ಮೇಲೆ ಪಾಚಿಗೂ ಉಸಿರಾಡಲು ಆಮ್ಲಜನಕ ಬೇಕು, ಮೀನಿಗೂ ಬೇಕು, ತಳದ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಇನ್ನೂ ಜಾಸ್ತಿ ಬೇಕು. ಸೂರ್ಯ ಹುಟ್ಟುವ ಮುಂಚೆ ನೀರು ತೀರಾ ಬಡವಾಗಿರುತ್ತದೆ. ಬೇಸಿಗೆಯಲ್ಲಿ ಬಿಸಿ ನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದೇ ಕಡಿಮೆ. ಅದರ ಮೇಲೆ ಮೊದಲ ಮಳೆ ಬಂದು ಕಾಲುವೆಯ ಕೊಳಚೆಯನ್ನೆಲ್ಲ ಒಮ್ಮೆಗೇ ತಳ್ಳಿ, ತಳದ ಕೆಸರು ಕಲಕಿದರೆ ಮುಗಿಯಿತು. ತಿಂಗಳಿಗೊಂದು ಹಗಲಿನ ಬಾಟಲಿ ನೀರಿನಲ್ಲಿ ಇದು ಸಿಕ್ಕುವುದಾದರೂ ಹೇಗೆ?

ಜಕ್ಕೂರು ಕೆರೆಯ ದಾರಿ ಸ್ವಲ್ಪ ಬೇರೆ. ಅಲ್ಲಿ ಮೇಲ್ಭಾಗದಲ್ಲಿ ಜಲಮಂಡಳಿಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ಶುದ್ಧ ಮಾಡಿದ ನೀರು ನೇರ ಕೆರೆಗೆ ಬೀಳದೆ ಜೊಂಡು ಬೆಳೆದ ಜೌಗಿನ ಮೂಲಕ ಸಾಗಿ ಬರುತ್ತದೆ. ಎಸ್‌ಟಿಪಿಯಲ್ಲಿ ಉಳಿದ ಸಾರಜನಕ, ರಂಜಕವನ್ನು ಜೊಂಡು ಒಂದಿಷ್ಟು ಹೀರಿಕೊಳ್ಳುತ್ತದೆ. ಆದರೆ ಬಲಿತ ಜೊಂಡನ್ನು ಕೊಯ್ದು ಆಚೆ ಹಾಕಬೇಕು. ಇಲ್ಲದಿದ್ದರೆ ಅಲ್ಲೇ ಕೊಳೆತು, ಹೀರಿದ್ದನ್ನು ಮತ್ತೆ ನೀರಿಗೇ ಬಿಡುತ್ತದೆ. ಗಾಡಿಯಲ್ಲಿ ಗೋಡು ಹೊತ್ತ ಹಳೆಯ ಕೆಲಸವೇ ಇದು, ಅಲ್ವಾ? ಗೊಬ್ಬರದ ಆಸೆಯಿಲ್ಲ, ಹಾಗಾಗಿ ಕೂಲಿ ಯಾರಾದರೂ ಕೊಡಬೇಕು.

ಬೆಳಗಿನ ಜಾವದ ಅಳತೆಗೆ ದೊಡ್ಡ ಪ್ರಯೋಗಾಲಯ ಬೇಡ. ಬಾಟಲಿಗೆ ಹನಿ ಹನಿ ದ್ರಾವಣ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ ಸಿಗುತ್ತದೆ, ದಡದಲ್ಲೇ ಕೂತು ನೋಡಬಹುದು. ಬಲೆ ಹಾಕುವವರಿಗೆ ಅದೂ ಬೇಡ. ಐದು ಗಂಟೆಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅವರಿಗೆ ಗೊತ್ತಾಗುತ್ತದೆ. ಅದನ್ನು ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಿ ಹೇಳಬೇಕು ಅನ್ನುವುದೇ ಎಷ್ಟೋ ಕೆರೆಗಳ ದಡದಲ್ಲಿ ಬರೆದಿಲ್ಲ.