ಒಂದೇ ಕರ್ನಲ್, ಹಲವು ಪ್ರೊಸೆಸರ್: ಯಾವ ನಿರ್ಧಾರ ಯಾವಾಗ?

ಲಿನಕ್ಸ್ ಕರ್ನಲ್‌ನ (ಯಂತ್ರಾಂಶವನ್ನೂ ಉಳಿದ ತಂತ್ರಾಂಶಗಳನ್ನೂ ಬೆಸೆಯುವ, ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಸೋರ್ಸ್ ಕೋಡನ್ನು ಇಳಿಸಿಕೊಂಡು ‘ಮೇಕ್ ಮೆನುಕಾನ್ಫಿಗ್’ ಎಂಬ ಆಜ್ಞೆ ಕೊಟ್ಟರೆ ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಪಟ್ಟಿಯೊಳಗೆ ಉಪಪಟ್ಟಿ, ಅದರೊಳಗೆ ಮತ್ತೊಂದು. ಎಲ್ಲವನ್ನೂ ಬಿಡಿಸಿ ಎಣಿಸಿದರೆ ಆಯ್ಕೆಗಳ ಸಂಖ್ಯೆ ಹತ್ತು ಸಾವಿರವನ್ನು ದಾಟುತ್ತದೆ. ಯಾವ ಪ್ರೊಸೆಸರ್, ಹೆಚ್ಚೆಂದರೆ ಎಷ್ಟು ಕೋರ್‌ಗಳು, ಮೆಮೊರಿಯನ್ನು ಹಂಚುವ ಘಟಕವಾದ ಪುಟದ ಗಾತ್ರವೆಷ್ಟು, ಯಾವ ಡಿಸ್ಕ್ ನಿಯಂತ್ರಕ, ಯಾವ ನೆಟ್‌ವರ್ಕ್ ಕಾರ್ಡ್ ಎಂದು ಅದು ಕೇಳುತ್ತಲೇ ಹೋಗುತ್ತದೆ. ಈ ಪ್ರತಿಯೊಂದು ಪ್ರಶ್ನೆಯ ಹಿಂದೆಯೂ ಇನ್ನೊಂದು ಪ್ರಶ್ನೆ ಅಡಗಿದೆ: ಯಂತ್ರಾಂಶದ ಕುರಿತಾದ ಈ ಸಂಗತಿಯನ್ನು ಕರ್ನಲ್ ಕಂಪೈಲ್ ಮಾಡುವಾಗಲೇ (ಸೋರ್ಸ್ ಕೋಡನ್ನು ಪ್ರೊಸೆಸರ್‌ಗೆ ಅರ್ಥವಾಗುವ ರೂಪಕ್ಕೆ ತಿರುಗಿಸುವಾಗಲೇ) ತೀರ್ಮಾನಿಸಬೇಕೆ, ಯಂತ್ರ ಬೂಟ್ ಆಗುವಾಗ ಕಂಡುಕೊಂಡರೆ ಸಾಕೆ, ಅಥವಾ ಯಂತ್ರ ಓಡುತ್ತಿರುವಾಗ ಅಗತ್ಯ ಬಿದ್ದಾಗ ನೋಡಿಕೊಳ್ಳಬಹುದೆ? ಕಳೆದ ಮೂರು ದಶಕಗಳ ಕರ್ನಲ್ ಸಂರಚನೆಯ (ಕಾನ್ಫಿಗರೇಶನ್) ಇತಿಹಾಸವನ್ನು ನಾನು ಓದುವುದು ಹೀಗೆ: ಅದು ಇಂಥ ನಿರ್ಧಾರಗಳನ್ನು ಒಂದೊಂದಾಗಿ ಮುಂದಕ್ಕೆ ತಳ್ಳುತ್ತ ಬಂದ ಇತಿಹಾಸ, ಜೊತೆಗೆ, ಎಷ್ಟು ತಳ್ಳಿದರೂ ಅಲುಗದೆ ಉಳಿದ ಕೆಲವು ನಿರ್ಧಾರಗಳ ಇತಿಹಾಸವೂ ಹೌದು.

ಅಲುಗದ ನಿರ್ಧಾರಗಳಲ್ಲಿ ಮೊದಲನೆಯದು ಪ್ರೊಸೆಸರ್‌ನ ಆಜ್ಞಾಸಮೂಹ. ಇಂಟೆಲ್ ಪ್ರೊಸೆಸರ್‌ಗೆ ಅರ್ಥವಾಗುವ ಬೈಟ್‌ಗಳು ಆರ್ಮ್ ಪ್ರೊಸೆಸರ್‌ಗೆ ಅರ್ಥವಾಗುವುದಿಲ್ಲ, ಆದ್ದರಿಂದ ಎರಡಕ್ಕೂ ಒಂದೇ ಕಡತದಲ್ಲಿ ಕರ್ನಲ್ ಕೊಡಲು ಸಾಧ್ಯವಿಲ್ಲ. ಸಿ ಭಾಷೆಯಲ್ಲಿ ಬರೆದ ಬಹುಪಾಲು ಸಂಕೇತವನ್ನು (ಕೋಡ್) ಕಂಪೈಲರ್ ಆಯಾ ಪ್ರೊಸೆಸರ್‌ಗೆ ತಕ್ಕಂತೆ ಮಾರ್ಪಡಿಸುತ್ತದೆಯಾದರೂ ಬೂಟ್ ಆಗುವ ಮೊದಲ ಹೆಜ್ಜೆಗಳು, ಒಂದು ಪ್ರಕ್ರಿಯೆಯಿಂದ ಇನ್ನೊಂದಕ್ಕೆ ಹೊರಳುವ ಕೆಲಸ, ಇಂಟರಪ್ಟ್ (ಸಾಧನವೊಂದು ಪ್ರೊಸೆಸರ್‌ನ ಗಮನ ಸೆಳೆಯುವ ಸಂಜ್ಞೆ) ಬಂದಾಗ ಪ್ರೊಸೆಸರ್‌ನೊಳಗಿನ ಪುಟ್ಟ ಸಂಗ್ರಹಸ್ಥಾನಗಳಾದ ರಿಜಿಸ್ಟರ್‌ಗಳನ್ನು ಉಳಿಸಿಡುವ ಕ್ರಮ, ಯಾವ ವಿಳಾಸ ಯಾವ ಪುಟಕ್ಕೆ ಸೇರಿದ್ದೆಂದು ಹೇಳುವ ಪುಟಕೋಷ್ಟಕಗಳ ರಚನೆ ಮುಂತಾದವು ಪ್ರತಿ ಪ್ರೊಸೆಸರ್ ಕುಟುಂಬಕ್ಕೂ ಬೇರೆಯಾಗಿಯೇ ಬರೆದಿರಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಇವೆಲ್ಲ ‘ಆರ್ಚ್’ ಎಂಬ ಕಡತಕೋಶದೊಳಗೆ ಎಕ್ಸ್86 (ಇಂಟೆಲ್ ಮತ್ತು ಎಎಂಡಿಯ ಪಿಸಿ ಪ್ರೊಸೆಸರ್‌ಗಳ ಕುಟುಂಬ), ಆರ್ಮ್64 (64 ಬಿಟ್ ಆರ್ಮ್), ರಿಸ್ಕ್‌ವಿ, ಪವರ್‌ಪಿಸಿ, ಎಸ್390 ಎಂಬ ಪ್ರತ್ಯೇಕ ವಿಭಾಗಗಳಲ್ಲಿವೆ. ಸಂರಚನೆ ಆರಂಭವಾಗುವುದೇ ಇವುಗಳಲ್ಲಿ ಒಂದನ್ನು ಆರಿಸುವುದರಿಂದ.

ಈ ವಿಂಗಡಣೆ ಮೊದಲಿನಿಂದಲೂ ಇದ್ದದ್ದಲ್ಲ. 1991ರ ಆಗಸ್ಟ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್‌ನ ಸುದ್ದಿಯನ್ನು ಮೊದಲ ಬಾರಿಗೆ ಘೋಷಿಸಿದಾಗ ಅದು ಇಂಟೆಲ್‌ನ 80386 ಪ್ರೊಸೆಸರ್‌ನ ಸೌಲಭ್ಯಗಳಿಗೆ ಬಿಗಿಯಾಗಿ ಅಂಟಿಕೊಂಡಿದೆಯೆಂದೂ ಬೇರೆ ಯಂತ್ರಗಳಿಗೆ ಒಯ್ಯುವಂಥದ್ದಲ್ಲವೆಂದೂ ಸ್ಪಷ್ಟವಾಗಿ ಬರೆದಿದ್ದರು. ಆ ಮಾತನ್ನು ಬದಲಿಸಿದ್ದರಲ್ಲಿ ಡಿಜಿಟಲ್ ಕಂಪನಿಯ ಆಲ್ಫಾ ಪ್ರೊಸೆಸರ್‌ನ ಪಾತ್ರ ದೊಡ್ಡದು. ಆಲ್ಫಾ 64 ಬಿಟ್‌ನದು, ಅದರ ಮೆಮೊರಿ ಪುಟ 8 ಕಿಲೋಬೈಟ್‌ನದು, ಅದರ ವರ್ತನೆ ಹಲವು ರೀತಿಯಲ್ಲಿ 386ಕ್ಕಿಂತ ಭಿನ್ನ. ಹೀಗಾಗಿ ಕರ್ನಲ್‌ನೊಳಗೆ ಯಾರಿಗೂ ಅರಿವಿಲ್ಲದಂತೆ ಸೇರಿಕೊಂಡಿದ್ದ ಊಹೆಗಳು, ಅಂದರೆ ವಿಳಾಸವೆಂದರೆ 32 ಬಿಟ್, ಪುಟವೆಂದರೆ 4 ಕಿಲೋಬೈಟ್ ಎಂಬಂಥವು, ಒಂದೊಂದಾಗಿ ಬಯಲಿಗೆ ಬಂದವು. 1995ರ ಮಾರ್ಚ್‌ನಲ್ಲಿ ಬಂದ 1.2ನೇ ಆವೃತ್ತಿಯ ಹೊತ್ತಿಗೆ ಆಲ್ಫಾ, ಸ್ಪಾರ್ಕ್ ಮತ್ತು ಮಿಪ್ಸ್‌ಗಳಿಗೆ ಅಧಿಕೃತ ಬೆಂಬಲ ದೊರೆತಿತ್ತು. ಎರಡನೆಯ ವೇದಿಕೆಗೆ ಒಯ್ಯುವ ಕೆಲಸ ಮೊದಲನೆಯದನ್ನು ಬರೆಯುವಷ್ಟೇ ಕಷ್ಟದ್ದು ಎಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ, ಏಕೆಂದರೆ ಯಾವುದು ಯಂತ್ರದ ಗುಣ, ಯಾವುದು ಕರ್ನಲ್‌ನ ಗುಣ ಎಂಬ ವಿಂಗಡಣೆ ಆಗ ಮೊದಲ ಬಾರಿಗೆ ನಡೆಯುತ್ತದೆ.

ಬೈಟ್‌ಗಳ ಕ್ರಮ ಇಂಥ ಒಂದು ಗುಣ. ಹದಿನಾರರ ಆಧಾರದ 12345678 ಎಂಬ ಸಂಖ್ಯೆಯನ್ನು ಎಕ್ಸ್86 ಯಂತ್ರ ಮೆಮೊರಿಯಲ್ಲಿ 78, 56, 34, 12 ಎಂದು ಹಿಂದಿನಿಂದ ಜೋಡಿಸಿದರೆ ಐಬಿಎಂನ ಎಸ್390 ಯಂತ್ರ 12ರಿಂದಲೇ ಆರಂಭಿಸುತ್ತದೆ. ಡಿಸ್ಕ್‌ನ ಮೇಲಿನ ಅಥವಾ ಜಾಲದ ಮೂಲಕ ಬಂದ ಮಾಹಿತಿಗೆ ಗೊತ್ತುಪಡಿಸಿದ ಕ್ರಮವೊಂದು ಇದ್ದೇ ಇರುವುದರಿಂದ ಡ್ರೈವರ್ (ಸಾಧನವೊಂದನ್ನು ನಡೆಸುವ ತಂತ್ರಾಂಶ) ಬರೆಯುವವರು ಪರಿವರ್ತನೆಯ ಮ್ಯಾಕ್ರೋಗಳನ್ನು (ಕಂಪೈಲ್ ಆಗುವಾಗ ನಿಜವಾದ ಸಂಕೇತವಾಗಿ ಬಿಚ್ಚಿಕೊಳ್ಳುವ ಚುಟುಕು ಹೆಸರುಗಳು) ಬಳಸುತ್ತಾರೆ. ಯಂತ್ರದ ಕ್ರಮ ಮತ್ತು ಮಾಹಿತಿಯ ಕ್ರಮ ಒಂದೇ ಆಗಿದ್ದರೆ ಕಂಪೈಲ್ ಆಗುವಾಗ ಆ ಮ್ಯಾಕ್ರೋ ಏನೂ ಉಳಿಯದಂತೆ ಕರಗಿಹೋಗುತ್ತದೆ.

ಪುಟದ ಗಾತ್ರದ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಎಕ್ಸ್86ರಲ್ಲಿ ಮೂಲ ಪುಟ 4 ಕಿಲೋಬೈಟ್ ಎಂಬುದು ನಿಶ್ಚಿತ. ಆದರೆ 64 ಬಿಟ್ ಆರ್ಮ್‌ನಲ್ಲಿ 4, 16 ಅಥವಾ 64 ಕಿಲೋಬೈಟ್‌ಗಳಲ್ಲಿ ಒಂದನ್ನು ಆರಿಸಬಹುದು, ಮತ್ತು ಆ ಆಯ್ಕೆ ಕಂಪೈಲ್ ಮಾಡುವಾಗಲೇ ಆಗಬೇಕು. ಪುಟ ದೊಡ್ಡದಾದಷ್ಟೂ ವಿಳಾಸ ಪರಿವರ್ತನೆಯ ಫಲಿತಾಂಶಗಳನ್ನು ನೆನಪಿಟ್ಟುಕೊಳ್ಳುವ ಪ್ರೊಸೆಸರ್‌ನ ಪುಟ್ಟ ಕೋಷ್ಟಕ ಹೆಚ್ಚು ಮೆಮೊರಿಯನ್ನು ಆವರಿಸುತ್ತದೆ, ಬೃಹತ್ ದತ್ತಾಂಶದ ಮೇಲೆ ಕೆಲಸ ಮಾಡುವ ತಂತ್ರಾಂಶಕ್ಕೆ ವೇಗ ಸಿಗುತ್ತದೆ. ಆದರೆ ನೂರು ಬೈಟ್‌ನ ಒಂದು ಕಡತವನ್ನು ಮೆಮೊರಿಗೆ ತಂದರೂ ಇಡೀ 64 ಕಿಲೋಬೈಟ್ ಖರ್ಚಾಗುತ್ತದೆ. 4 ಕಿಲೋಬೈಟ್‌ನ ಗಡಿಗೆ ಹೊಂದಿಸಿ ಕಟ್ಟಿದ ಹಳೆಯ ಪ್ರೋಗ್ರಾಂಗಳು ಅಂಥ ಕರ್ನಲ್‌ನ ಮೇಲೆ ಓಡುವುದೇ ಇಲ್ಲ. ಲಿನಕ್ಸ್ ವಿತರಿಸುವ ರೆಡ್ ಹ್ಯಾಟ್ ಕಂಪನಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ 8ನೇ ಆವೃತ್ತಿಯವರೆಗೂ ಆರ್ಮ್ ಯಂತ್ರಗಳಿಗೆ 64 ಕಿಲೋಬೈಟ್ ಪುಟವನ್ನು ಆರಿಸಿ, 9ನೆಯದರಲ್ಲಿ 4ಕ್ಕೆ ಬದಲಾಯಿತು. ಆಪಲ್‌ನ ಎಂ1 ಚಿಪ್‌ನಲ್ಲಾದರೋ ಸಾಧನಗಳ ವಿಳಾಸಗಳನ್ನು ಪರಿವರ್ತಿಸುವ ಘಟಕ 16 ಕಿಲೋಬೈಟ್‌ನ ಅಳತೆಯಲ್ಲೇ ಕೆಲಸ ಮಾಡುವುದರಿಂದ ಅಲ್ಲಿನ ಲಿನಕ್ಸ್ ಅದೇ ಗಾತ್ರಕ್ಕೆ ಹೊಂದಿಕೊಂಡಿತು. ಈ ಒಂದು ನಿರ್ಧಾರವನ್ನು ಬೂಟ್ ಸಮಯಕ್ಕೆ ಮುಂದೂಡುವುದು ಏಕೆ ಕಷ್ಟವೆಂದರೆ, ಪುಟದ ಗಾತ್ರ ಕರ್ನಲ್‌ನ ಸಾವಿರಾರು ಲೆಕ್ಕಾಚಾರಗಳಲ್ಲಿ ಸ್ಥಿರಾಂಕವಾಗಿ ಬೆರೆತುಹೋಗಿದೆ.

ಇನ್ನೂ ಆಳದಲ್ಲಿರುವುದು ಮೆಮೊರಿಯ ಅನುಕ್ರಮ. ಒಂದು ಕೋರ್ ಮೊದಲು ಮಾಹಿತಿಯನ್ನು ಬರೆದು, ಬಳಿಕ ‘ಮಾಹಿತಿ ಸಿದ್ಧ’ ಎಂಬ ಗುರುತನ್ನು ಬರೆಯುತ್ತದೆ ಎಂದುಕೊಳ್ಳಿ. ಇನ್ನೊಂದು ಕೋರ್ ಆ ಗುರುತನ್ನು ಕಂಡ ಮೇಲೆ ಮಾಹಿತಿಯನ್ನು ಓದುತ್ತದೆ. ಎಕ್ಸ್86ರಲ್ಲಿ ಎರಡು ಬರಹಗಳೂ ಬರೆದ ಕ್ರಮದಲ್ಲೇ ಇತರ ಕೋರ್‌ಗಳಿಗೆ ಕಾಣುತ್ತವೆ. ಆರ್ಮ್‌ನಲ್ಲಿ ಆ ಖಾತರಿಯಿಲ್ಲ. ಗುರುತು ಮೊದಲು ಕಂಡು, ಮಾಹಿತಿ ಇನ್ನೂ ಹಳೆಯದಾಗಿಯೇ ಇರಬಹುದು. ಆಲ್ಫಾ ಇನ್ನೂ ಸಡಿಲ: ಒಂದು ವಿಳಾಸವನ್ನು ಓದಿ ಆ ವಿಳಾಸದ ಮೂಲಕವೇ ಮುಂದಿನದನ್ನು ಓದಿದಾಗಲೂ ಎರಡನೆಯ ಓದು ಹಳೆಯ ಮೌಲ್ಯವನ್ನು ಕೊಡಬಹುದಿತ್ತು. ಅದಕ್ಕಾಗಿ ಕರ್ನಲ್‌ನ ಸಾಮಾನ್ಯ ಸಂಕೇತದಲ್ಲಿ ಈ ಕ್ರಮವನ್ನು ಕಾಯುವ ತಡೆಗಳನ್ನು (ಬ್ಯಾರಿಯರ್) ಹೆಸರಿಟ್ಟು ಬರೆಯಲಾಗುತ್ತದೆ, ಮತ್ತು ಪ್ರತಿ ಆರ್ಚ್ ವಿಭಾಗವೂ ಆ ಹೆಸರಿಗೆ ತನ್ನದೇ ಅರ್ಥವನ್ನು ತುಂಬುತ್ತದೆ. ಬರಹಗಳ ನಡುವಿನ ತಡೆ ಎಕ್ಸ್86ರಲ್ಲಿ ಕಂಪೈಲರ್‌ಗೆ ಕೊಟ್ಟ ಸೂಚನೆಯಷ್ಟೇ ಆಗಿದ್ದರೆ ಆರ್ಮ್‌ನಲ್ಲಿ ಅದು ನಿಜವಾದ ಪ್ರೊಸೆಸರ್ ಆಜ್ಞೆ. ಇಂಟೆಲ್ ಯಂತ್ರದಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದ ಡ್ರೈವರ್ ಒಂದು ಆರ್ಮ್‌ಗೆ ಹೋದೊಡನೆ ಅಪರೂಪಕ್ಕೊಮ್ಮೆ ಮುಗ್ಗರಿಸತೊಡಗಿದರೆ ಮೊದಲು ಶಂಕಿಸಬೇಕಾದದ್ದು ಇಂಥ ತಡೆಯೊಂದರ ಗೈರುಹಾಜರಿಯನ್ನು.

ಇಷ್ಟೆಲ್ಲ ಭಿನ್ನತೆಗಳನ್ನು ಆಯ್ಕೆಗಳಾಗಿ ಬರೆದಿಡುವ ಭಾಷೆಯೇ ಕೆಕಾನ್ಫಿಗ್. 2002ರಲ್ಲಿ 2.5 ಸರಣಿಯ ಬೆಳವಣಿಗೆಯ ಸಮಯದಲ್ಲಿ ಹಿಂದಿನ ವ್ಯವಸ್ಥೆಯ ಬದಲಿಗೆ ಇದು ಬಂತು. ಹೆಚ್ಚಿನ ಆಯ್ಕೆಗಳಿಗೆ ಉತ್ತರ ಹೌದು ಅಥವಾ ಇಲ್ಲ. ಹಲವಕ್ಕೆ ಮಾಡ್ಯೂಲ್ ಎಂಬ ಮೂರನೆಯ ಉತ್ತರವೂ ಉಂಟು, ಅಂದರೆ ಆ ಭಾಗ ಬೇರೆ ಕಡತವಾಗಿ ಸಿದ್ಧವಾಗಿ, ಸಾಧನ ಕಂಡಾಗ ಮಾತ್ರ ಮೆಮೊರಿಗೆ ಬರುತ್ತದೆ. ಒಂದು ಆಯ್ಕೆ ಇನ್ನೊಂದನ್ನು ಅವಲಂಬಿಸಬಹುದು, ಅಥವಾ ಇನ್ನೊಂದನ್ನು ತಾನೇ ಬಲವಂತವಾಗಿ ಆನ್ ಮಾಡಬಹುದು. ಈ ಎರಡನೆಯ ಅಧಿಕಾರ ಅಪಾಯಕಾರಿ, ಏಕೆಂದರೆ ಹಾಗೆ ಆನ್ ಆದ ಆಯ್ಕೆಯ ಸ್ವಂತ ಅವಲಂಬನೆಗಳು ಪೂರೈಕೆಯಾಗಿವೆಯೇ ಎಂಬುದನ್ನು ಅದು ಲೆಕ್ಕಿಸುವುದಿಲ್ಲ. ಉತ್ತರಗಳೆಲ್ಲ ‘ಡಾಟ್ ಕಾನ್ಫಿಗ್’ ಎಂಬ ಸರಳ ಪಠ್ಯ ಕಡತದಲ್ಲಿ ಉಳಿಯುತ್ತವೆ. ಒಂದು ಪ್ರೊಸೆಸರ್‌ನ ಯಂತ್ರದ ಮೇಲೆ ಕುಳಿತು ಇನ್ನೊಂದಕ್ಕೆ ಕರ್ನಲ್ ಕಟ್ಟುವುದೂ ಸುಲಭವೇ: ಗುರಿಯ ಆರ್ಚ್ ಯಾವುದು, ಕ್ರಾಸ್ ಕಂಪೈಲರ್ ಯಾವುದು ಎಂಬ ಎರಡು ಮಾತುಗಳನ್ನು ಆಜ್ಞೆಗೆ ಸೇರಿಸಿದರೆ ಸಾಕು.

ಪ್ರೊಸೆಸರ್ ಒಂದೇ ಆದರೂ ಅದರ ಸುತ್ತಲಿನ ಬೋರ್ಡ್ ಬೇರೆಯಾದಾಗ ಏನು ಮಾಡಬೇಕು ಎಂಬುದು ಮುಂದಿನ ತೊಡಕು. ಪಿಸಿಗಳಲ್ಲಿ ಇದು ಬಹುಮಟ್ಟಿಗೆ ತಾನಾಗಿಯೇ ಬಗೆಹರಿದಿತ್ತು. ಪಿಸಿಐ ಬಸ್ಸಿಗೆ ಕೂಡಿಸಿದ ಪ್ರತಿ ಸಾಧನವೂ ಕೇಳಿದಾಗ ತನ್ನ ತಯಾರಕರ ಸಂಖ್ಯೆ ಮತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಇಂಟೆಲ್‌ನ ಸಂಖ್ಯೆ ಹದಿನಾರರ ಆಧಾರದಲ್ಲಿ 8086, ಆ ಕಂಪನಿಯ ಪ್ರಸಿದ್ಧ ಚಿಪ್‌ನ ಹೆಸರೇ. ಹೀಗೆ ಕೇಳಿ ತಿಳಿಯಲಾಗದ ಉಳಿದ ವಿವರಗಳಿಗೆ 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಪ್ರಕಟಿಸಿದ ಎಸಿಪಿಐ ಎಂಬ ಮಾನಕದ ಕೋಷ್ಟಕಗಳಿವೆ. ಆದರೆ ಮೊಬೈಲ್ ಫೋನ್‌ಗಳ ಮತ್ತು ಎಂಬೆಡೆಡ್ ಸಾಧನಗಳ ಆರ್ಮ್ ಚಿಪ್‌ಗಳೊಳಗಿನ ಬಹುತೇಕ ಘಟಕಗಳು ಕೇಳಿದರೂ ಉತ್ತರಿಸುವಂಥವಲ್ಲ. ಸೀರಿಯಲ್ ಪೋರ್ಟ್ ಯಾವ ವಿಳಾಸದಲ್ಲಿದೆ, ಅದರ ಇಂಟರಪ್ಟ್ ಸಂಖ್ಯೆ ಯಾವುದು, ಅದಕ್ಕೆ ಗಡಿಯಾರದ ಸಂಕೇತ ಎಲ್ಲಿಂದ ಬರುತ್ತದೆ ಎಂಬುದನ್ನು ಯಾರಾದರೂ ಮೊದಲೇ ಹೇಳಿರಬೇಕು. ಬಹುಕಾಲ ಈ ಮಾಹಿತಿಯನ್ನು ಪ್ರತಿ ಬೋರ್ಡಿಗೂ ಒಂದೊಂದು ಸಿ ಕಡತವಾಗಿ ಕರ್ನಲ್‌ನೊಳಗೇ ಬರೆಯಲಾಗುತ್ತಿತ್ತು. ಬೋರ್ಡ್‌ಗಳು ನೂರಾರಾದವು, ಒಂದು ಚಿಪ್ ಕುಟುಂಬಕ್ಕೆ ಕಟ್ಟಿದ ಕರ್ನಲ್ ಇನ್ನೊಂದರಲ್ಲಿ ಎದ್ದೇಳುತ್ತಿರಲಿಲ್ಲ, ಮತ್ತು ಆರ್ಮ್ ವಿಭಾಗ ಮಿತಿಮೀರಿ ಬೆಳೆಯಿತು. 2011ರಲ್ಲಿ ಟೊರ್ವಾಲ್ಡ್ಸ್ ಈ ಸ್ಥಿತಿಯ ವಿರುದ್ಧ ಬಹಿರಂಗವಾಗಿಯೇ ಸಿಟ್ಟಾದರು.

ಪರಿಹಾರ ಹೊಸದಾಗಿರಲಿಲ್ಲ. ಸನ್ ಕಂಪನಿಯ ಯಂತ್ರಗಳಲ್ಲಿ ಬಳಕೆಯಲ್ಲಿದ್ದು 1994ರಲ್ಲಿ ಐಇಇಇ ಸಂಸ್ಥೆಯ ಮಾನಕವಾದ ಓಪನ್ ಫರ್ಮ್‌ವೇರ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ), ಯಂತ್ರದ ರಚನೆಯನ್ನು ಮರದ ಆಕಾರದ ವಿವರಣೆಯಾಗಿ ಕರ್ನಲ್‌ಗೆ ಒಪ್ಪಿಸುತ್ತಿತ್ತು. ಪವರ್‌ಪಿಸಿ ಲಿನಕ್ಸ್ ಅದನ್ನೇ ಸಪಾಟಾದ ಕಡತವನ್ನಾಗಿಸಿ ಬಳಸುತ್ತಿತ್ತು. ಡಿವೈಸ್ ಟ್ರೀ ಎಂಬ ಆ ವಿವರಣೆಯನ್ನು ಆರ್ಮ್ ಕೂಡ ಸ್ವೀಕರಿಸಿತು. ಬೋರ್ಡಿನ ವಿವರಗಳನ್ನು ಪಠ್ಯವಾಗಿ ಬರೆದು, ಪುಟ್ಟ ಬೈನರಿ ಕಡತವಾಗಿ ಪರಿವರ್ತಿಸಲಾಗುತ್ತದೆ. ಕರ್ನಲ್ ಅನ್ನು ಮೆಮೊರಿಗೆ ತಂದು ಓಡಿಸುವ ತಂತ್ರಾಂಶವಾದ ಬೂಟ್‌ಲೋಡರ್ ಅದನ್ನು ಕರ್ನಲ್‌ನ ಜೊತೆಗೆ ಮೆಮೊರಿಯಲ್ಲಿಟ್ಟು ಅದರ ವಿಳಾಸವನ್ನು ಕೊಡುತ್ತದೆ. ಮರದಲ್ಲಿ ಘಟಕವೊಂದನ್ನು ವಿವರಿಸುವ ಗಂಟಿನಲ್ಲಿ ಆ ಘಟಕ ಯಾವ ಮಾದರಿಗೆ ಹೊಂದುತ್ತದೆಂಬ ಹೆಸರು ಇರುತ್ತದೆ. ಆ ಹೆಸರನ್ನು ಬಲ್ಲ ಡ್ರೈವರ್ ಬಂದು ಅದನ್ನು ವಹಿಸಿಕೊಳ್ಳುತ್ತದೆ. 2012ರ ಡಿಸೆಂಬರ್‌ನಲ್ಲಿ ಬಂದ 3.7ನೇ ಆವೃತ್ತಿಯಿಂದ ಒಂದೇ ಕರ್ನಲ್ ಹಲವು ಆರ್ಮ್ ಚಿಪ್ ಕುಟುಂಬಗಳಲ್ಲಿ ಬೂಟ್ ಆಗುವುದು ಸಾಧ್ಯವಾಯಿತು. ಅದೇ ಆವೃತ್ತಿಯಲ್ಲಿ ಸೇರಿದ 64 ಬಿಟ್ ಆರ್ಮ್ ಬೆಂಬಲಕ್ಕೆ ಬೋರ್ಡ್ ಕಡತಗಳ ಹೊರೆಯೇ ಬರಲಿಲ್ಲ. ಕಂಪೈಲ್ ಸಮಯದಿಂದ ಬೂಟ್ ಸಮಯಕ್ಕೆ ನಿರ್ಧಾರವೊಂದು ಸರಿದ ಉದಾಹರಣೆಗಳಲ್ಲಿ ನಾನು ಅತ್ಯಂತ ಮಹತ್ವದ್ದೆಂದು ಭಾವಿಸುವುದು ಇದನ್ನೇ.

ಎಕ್ಸ್86 ಕರ್ನಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೂಟ್ ಆಗುತ್ತಲೇ ತನ್ನ ಸಂಕೇತವನ್ನು ತಾನೇ ತಿದ್ದಿಕೊಳ್ಳುತ್ತದೆ. ಪ್ರೊಸೆಸರ್‌ನ ಸಾಮರ್ಥ್ಯಗಳನ್ನು ಸಿಪಿಯುಐಡಿ ಎಂಬ ಆಜ್ಞೆಯಿಂದ ಕೇಳಿ ತಿಳಿದು, ಮೊದಲೇ ಗುರುತು ಮಾಡಿಟ್ಟ ಜಾಗಗಳಲ್ಲಿ ಸಾಮಾನ್ಯ ಆಜ್ಞೆಗಳ ಬದಲಿಗೆ ಆ ಪ್ರೊಸೆಸರ್‌ಗೆ ಒಪ್ಪುವ ಆಜ್ಞೆಗಳನ್ನು ಬರೆಯುತ್ತದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಭದ್ರತಾ ದೋಷ ಬೆಳಕಿಗೆ ಬಂದಾಗ, ಕರ್ನಲ್‌ನ ಮತ್ತು ಬಳಕೆದಾರರ ಪುಟಕೋಷ್ಟಕಗಳನ್ನು ಬೇರ್ಪಡಿಸುವ ದುಬಾರಿ ರಕ್ಷಣೆಯನ್ನು ಆ ದೋಷವಿರುವ ಪ್ರೊಸೆಸರ್‌ಗಳಲ್ಲಿ ಮಾತ್ರ ಜಾರಿಗೊಳಿಸಲು ಸಾಧ್ಯವಾದದ್ದು ಹೀಗೆ ಬೂಟ್ ಸಮಯದಲ್ಲಿ ನಿರ್ಧರಿಸುವ ವ್ಯವಸ್ಥೆ ಇದ್ದುದರಿಂದ. ಎಎಂಡಿ ಪ್ರೊಸೆಸರ್‌ಗಳು ಅದೇ ಕರ್ನಲ್ ಓಡಿಸುತ್ತಲೇ ಆ ವೆಚ್ಚದಿಂದ ಪಾರಾದವು. ಇದೇ ಕಾರಣಕ್ಕೆ, ತಮ್ಮ ನಿರ್ದಿಷ್ಟ ಪ್ರೊಸೆಸರ್ ಮಾದರಿಯನ್ನೇ ಆರಿಸಿ ಕರ್ನಲ್ ಕಟ್ಟಿದರೆ ಯಂತ್ರ ಬಹಳ ವೇಗವಾಗುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕರ್ನಲ್ ತನ್ನ ಸಾಮಾನ್ಯ ಕೆಲಸದಲ್ಲಿ ದಶಾಂಶ ಸಂಖ್ಯೆಗಳ (ಫ್ಲೋಟಿಂಗ್ ಪಾಯಿಂಟ್) ರಿಜಿಸ್ಟರ್‌ಗಳನ್ನು ಮತ್ತು ಹಲವು ಸಂಖ್ಯೆಗಳನ್ನು ಒಟ್ಟಿಗೆ ಸಂಸ್ಕರಿಸುವ ವೆಕ್ಟರ್ ರಿಜಿಸ್ಟರ್‌ಗಳನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಹೊಸ ಪ್ರೊಸೆಸರ್‌ಗಳ ಮುಖ್ಯ ಹೆಚ್ಚುಗಾರಿಕೆ ಕಂಪೈಲರ್‌ನ ಮೂಲಕ ಅದಕ್ಕೆ ದಕ್ಕುವುದು ಅಲ್ಪ.

ಸಂರಚನೆಯಲ್ಲಿ ನಿಜಕ್ಕೂ ಜಾಗ್ರತೆ ಬೇಕಾದ ಜಾಗ ಬೇರೆಯಿದೆ. ಮೂಲ ಕಡತವ್ಯವಸ್ಥೆ ಇರುವ ಡಿಸ್ಕಿನ ಡ್ರೈವರ್ ಅನ್ನು ಮಾಡ್ಯೂಲ್ ಎಂದು ಆರಿಸಿ, ಆ ಮಾಡ್ಯೂಲನ್ನು ಹೊತ್ತ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೆಮೊರಿಯಲ್ಲಿ ಇಡುವ ತಾತ್ಕಾಲಿಕ ಕಡತವ್ಯವಸ್ಥೆ) ಕೊಡದಿದ್ದರೆ ಕರ್ನಲ್‌ಗೆ ಡಿಸ್ಕ್ ಓದಲು ಡ್ರೈವರ್ ಬೇಕು, ಡ್ರೈವರ್ ಇರುವುದು ಡಿಸ್ಕಿನಲ್ಲಿ ಎಂಬ ಸ್ಥಿತಿ ಒದಗಿ ಬೂಟ್ ಅಲ್ಲಿಗೇ ನಿಲ್ಲುತ್ತದೆ. ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿ ಸಂರಚನೆ ಮಾಡಿಕೊಡುವ ‘ಲೋಕಲ್‌ಮಾಡ್‌ಕಾನ್ಫಿಗ್’ ಸೌಲಭ್ಯವೂ ಉಪಯುಕ್ತವೇ, ಆದರೆ ಆ ಗಳಿಗೆಯಲ್ಲಿ ಜೋಡಿಸಿರದ ಯುಎಸ್‌ಬಿ ಸಾಧನದ ಡ್ರೈವರ್ ಅದರಿಂದ ಬಿಟ್ಟುಹೋಗಬಹುದು. ಹೊಸ ಬೋರ್ಡಿಗೆ ಕರ್ನಲ್ ತರುವವರು ಸೀರಿಯಲ್ ಕನ್ಸೋಲ್ ಅನ್ನು (ಸೀರಿಯಲ್ ಪೋರ್ಟ್ ಮೂಲಕ ಕರ್ನಲ್‌ನ ಸಂದೇಶಗಳನ್ನು ತೋರಿಸುವ ದಾರಿ) ಮೊಟ್ಟಮೊದಲು ಸರಿಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಉಳಿದ ಯಾವ ದೋಷವೂ ಕಾಣಬೇಕಾದರೆ ಅದರ ಮೂಲಕವೇ ಕಾಣಬೇಕು.

ಒಂದು ವೇದಿಕೆಯನ್ನು ಆಯ್ಕೆಯಾಗಿ ಉಳಿಸಿಕೊಂಡಿರುವುದಕ್ಕೂ ಬೆಲೆಯಿದೆ. 80386ರಲ್ಲಿ ಮೆಮೊರಿಯ ಮೌಲ್ಯವನ್ನು, ನಡುವೆ ಬೇರೆ ಯಾರೂ ಕೈಹಾಕದಂತೆ, ಒಂದೇ ಏಟಿಗೆ ಹೋಲಿಸಿ ಬದಲಿಸುವ ಆಜ್ಞೆ ಇರಲಿಲ್ಲ. ಬರೆಯಬಾರದೆಂದು ಗುರುತಿಸಿದ ಪುಟಕ್ಕೆ ಕರ್ನಲ್ ಬರೆದರೆ ಆ ಪ್ರೊಸೆಸರ್ ತಡೆಯುತ್ತಿರಲಿಲ್ಲ. ಬಹುಕೋರ್ ಯಂತ್ರಗಳಿಗಾಗಿ ಮೂಲಭೂತ ಬದಲಾವಣೆ ಮಾಡುವಾಗಲೆಲ್ಲ ಈ ಕೊರತೆಗಳಿಗೆ ಪ್ರತ್ಯೇಕ ಸಂಕೇತ ಬರೆಯಬೇಕಾಗುತ್ತಿತ್ತು. 2013ರ ಫೆಬ್ರುವರಿಯಲ್ಲಿ ಬಂದ 3.8ನೇ ಆವೃತ್ತಿಯಲ್ಲಿ, ಲಿನಕ್ಸ್ ಹುಟ್ಟಿದ ಪ್ರೊಸೆಸರ್‌ನ ಬೆಂಬಲವನ್ನೇ ತೆಗೆದುಹಾಕಲಾಯಿತು. ಇಂಟೆಲ್‌ನ ಇನ್ನೊಂದು ಪ್ರೊಸೆಸರ್ ಕುಟುಂಬವಾದ ಐಟೇನಿಯಂನ ಪಾಲಿಗೆ ಕಾರಣ ಬೇರೆಯಿತ್ತು: ಆ ಸಂಕೇತವನ್ನು ನೋಡಿಕೊಳ್ಳುವವರು ಉಳಿದಿರಲಿಲ್ಲ. 2021ರಲ್ಲಿ ಅದನ್ನು ಅನಾಥವೆಂದು ಗುರುತಿಸಿ, 2024ರ ಜನವರಿಯ 6.7ನೇ ಆವೃತ್ತಿಯಲ್ಲಿ ಆ ಆರ್ಚ್ ವಿಭಾಗವನ್ನು ಪೂರ್ತಿಯಾಗಿ ಅಳಿಸಲಾಯಿತು. ಐಟೇನಿಯಂ ಯಂತ್ರಗಳನ್ನು ಇನ್ನೂ ಓಡಿಸುತ್ತಿರುವವರಿಗೆ ಮುಖ್ಯ ಕರ್ನಲ್‌ನಲ್ಲಿ ಉಳಿದಿದ್ದು ಅದಕ್ಕೆ ಹಿಂದಿನ, ದೀರ್ಘಕಾಲದ ಬೆಂಬಲವುಳ್ಳ 6.6ನೇ ಆವೃತ್ತಿ.